ಒಂದೇ ಕೋಣೆಗೆ ಇನ್ನೂರ ನಲವತ್ತು ಸಲ: ಲೂಟ್ ಹುಡುಕಾಟದಲ್ಲಿ ಸಂತೋಷ ಉಳಿಸಿಕೊಳ್ಳುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಡಯಾಬ್ಲೊ 2: ರಿಸರೆಕ್ಟೆಡ್ ಆಡುತ್ತಿದ್ದೇನೆ; ರಾಕ್ಷಸರನ್ನು ಕೊಂದು, ಅವರಿಂದ ಬೀಳುವ ವಸ್ತುಗಳನ್ನು (ಲೂಟ್) ಕೂಡಿಹಾಕುವ ಕಂಪ್ಯೂಟರ್ ಆಟ ಅದು. ನನ್ನ ದೊಡ್ಡಪ್ಪನ ಮಗ 2000ದಲ್ಲಿ ಮೂಲ ಡಯಾಬ್ಲೊ 2 ಬಂದ ಕಾಲದಿಂದಲೂ ಅದನ್ನು ಆಡಿದವನು. 2021ರಲ್ಲಿ ಅದೇ ಆಟ ಹೊಸ ಚಿತ್ರಗಳೊಂದಿಗೆ ಮರಳಿ ಬಂದ ಮೇಲೆ ಮತ್ತೆ ಹಿಡಿದು ಕೂತಿದ್ದಾನೆ, ನನಗೂ ಹಚ್ಚಿಸಿದವನು ಅವನೇ. ನಾರ್ಮಲ್, ನೈಟ್‌ಮೇರ್, ಹೆಲ್ ಎಂಬ ಮೂರೂ ಹಂತಗಳಲ್ಲಿ ಕಥೆ ಮುಗಿಸುವವರೆಗೆ ನನಗೆ ಬೇಸರದ ಸುಳಿವೂ ಇರಲಿಲ್ಲ. ತೊಂದರೆ ಶುರುವಾದದ್ದು ಆಮೇಲೆ.

ನನ್ನದು ಶೀತ ಮಂತ್ರಗಳ ಸೋರ್ಸರೆಸ್, ಅಂದರೆ ಮಾಟಗಾತಿ ಪಾತ್ರ. ಟಾಲ್ ರಾಶಾ ಸೆಟ್ಟಿನ (ಒಟ್ಟಿಗೆ ತೊಟ್ಟರೆ ಬಲ ಹೆಚ್ಚುವ ಉಡುಗೆಗಳ ಗುಂಪು) ಐದು ವಸ್ತುಗಳಲ್ಲಿ ಸೊಂಟಪಟ್ಟಿ, ತಾಯಿತ, ಮುಖವಾಡ, ಕೈಯಲ್ಲಿ ಹಿಡಿಯುವ ಸ್ಫಟಿಕ ಈ ನಾಲ್ಕೂ ಸಿಕ್ಕಿವೆ. ಕವಚವೊಂದು ಸಿಕ್ಕಿಲ್ಲ. ಅದಕ್ಕಾಗಿ ಹೆಲ್ ಹಂತದಲ್ಲಿ ಮೆಫಿಸ್ಟೋ ಎಂಬ ದೊಡ್ಡ ರಾಕ್ಷಸನನ್ನು ಇದುವರೆಗೆ ಇನ್ನೂರ ನಲವತ್ತು ಸಲ ಕೊಂದಿದ್ದೇನೆ. ಅವನಿರುವ ಡ್ಯೂರೆನ್ಸ್ ಆಫ್ ಹೇಟ್‌ನ ಎರಡನೇ ಮಹಡಿಯ, ನೇರವಾಗಿ ಬಂದಿಳಿಯುವ ನಿಲ್ದಾಣವಾದ ವೇಪಾಯಿಂಟ್‌ನಲ್ಲಿ ಇಳಿಯುವುದು, ಟೆಲಿಪೋರ್ಟ್ ಮಾಡುತ್ತಾ ಮೆಟ್ಟಿಲು ಹುಡುಕುವುದು, ಮೂರನೇ ಮಹಡಿಯಲ್ಲಿ ಅವನನ್ನು ಕಾಲುವೆಯ ಆಚೆ ದಡಕ್ಕೆ ಎಳೆದು ಈಚೆಯಿಂದ ಹೊಡೆಯುವುದು, ಬಿದ್ದದ್ದನ್ನು ನೋಡಿ ಆಟದಿಂದ ಹೊರಬಂದು ಮತ್ತೆ ಒಳಹೋಗುವುದು: ಕಣ್ಣು ಮುಚ್ಚಿಕೊಂಡೂ ಮಾಡಬಲ್ಲೆ ಎನ್ನುವಷ್ಟು ರೂಢಿಯಾಗಿದೆ. ಸುಮಾರು ನೂರನೇ ಸುತ್ತಿನ ಹೊತ್ತಿಗೆ ಆಸೆ ಮಾತ್ರ ಉಳಿದು ಸಂತೋಷ ಹೋಗಿಬಿಟ್ಟಿತ್ತು. ಕಳೆದ ವಾರ ರಾತ್ರಿ ಹನ್ನೆರಡೂವರೆಗೆ ಕಂಪ್ಯೂಟರ್ ಆರಿಸಿದಾಗ, ಎರಡು ಗಂಟೆ ಆಡಿದ್ದರಲ್ಲಿ ಒಂದು ಘಟನೆಯನ್ನಾದರೂ ನೆನಪಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅದು ನನ್ನನ್ನು ನಿಜವಾಗಿ ಕಾಡಿತು.

ಅಣ್ಣನಾದರೋ ಇಪ್ಪತ್ತು ವರ್ಷಗಳಿಂದ ಇದೇ ಕೆಲಸವನ್ನು ಖುಷಿಯಿಂದ ಮಾಡುತ್ತಿದ್ದಾನೆ. ಕೇಳಿದರೆ "ಹೊಡೀತಾ ಇರು, ಬರುತ್ತೆ" ಎನ್ನುತ್ತಾನೆ, ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಬರುವುದಿಲ್ಲ. ಗ್ರೈಂಡಿಂಗ್ ಅನ್ನು, ಅಂದರೆ ಹೀಗೆ ಒಂದೇ ಸುತ್ತನ್ನು ಮತ್ತೆ ಮತ್ತೆ ಹಾಕುವುದನ್ನು, ಮನಸ್ಸಿಟ್ಟು ಆನಂದಿಸುವವರು ಇಲ್ಲಿದ್ದರೆ ದಯವಿಟ್ಟು ಹೇಳಿ: ನೀವು ಆ ಸುತ್ತುಗಳಲ್ಲಿ ನಿಜಕ್ಕೂ ಏನನ್ನು ಅನುಭವಿಸುತ್ತೀರಿ? ಅದು ಕಲಿತು ಬರುವಂಥದ್ದೇ, ಇಲ್ಲವೇ ಕೆಲವರ ಸ್ವಭಾವಕ್ಕೆ ಮಾತ್ರ ಒಗ್ಗುವಂಥದ್ದೇ?

ಇರುಳುಪಾಳಿ

ತುಂಗಾತೀರ ಅವರೇ, ಮೊದಲು ನಿಮಗೆ ಬೇಸರ ತರಬಹುದಾದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ನೀವು ಹುಡುಕುತ್ತಿರುವ ಕವಚ ಮೆಫಿಸ್ಟೋನಿಂದ ಬೀಳುವುದಿಲ್ಲ, ಇನ್ನೂ ಸಾವಿರ ಸಲ ಕೊಂದರೂ ಬೀಳುವುದಿಲ್ಲ.

ಕಾರಣ ಹೀಗಿದೆ. ಈ ಆಟದಲ್ಲಿ ಪ್ರತಿ ರಾಕ್ಷಸನಿಗೂ ಒಂದು ಟ್ರೆಷರ್ ಕ್ಲಾಸ್, ಅಂದರೆ ಅವನು ಯಾವ ದರ್ಜೆಯವರೆಗಿನ ವಸ್ತುಗಳನ್ನು ಬೀಳಿಸಬಲ್ಲ ಎಂಬ ಮಿತಿ ಇದೆ. ಹೆಲ್ ಹಂತದ ಮೆಫಿಸ್ಟೋನ ಮಿತಿ 78. ಟಾಲ್ ರಾಶಾ ಕವಚದ ಮೂಲ ವಸ್ತುವಾದ ಲ್ಯಾಕರ್ಡ್ ಪ್ಲೇಟ್ 84ನೇ ದರ್ಜೆಯದು. ಮೂಲ ವಸ್ತುವೇ ಬೀಳದ ಕಡೆ ಅದರ ಸೆಟ್ ರೂಪ ಬೀಳುವ ಮಾತೇ ಇಲ್ಲ. ಅದಕ್ಕೆ ನೀವು ಆಟದ ಕೊನೆಯ ರಾಕ್ಷಸ ಬಾಲ್‌ನ ಬಳಿಗೆ ಹೋಗಬೇಕು, ಇಲ್ಲವೇ ಹೆಲ್ ಹಂತದಲ್ಲಿ 85ನೇ ಮಟ್ಟದ ಪ್ರದೇಶಗಳನ್ನು ತಿರುಗಬೇಕು. ಶೀತ ಮಂತ್ರದ ಸೋರ್ಸರೆಸ್‌ಗೆ ಏನ್ಷಿಯಂಟ್ ಟನೆಲ್ಸ್ ಹೇಳಿ ಮಾಡಿಸಿದಂಥ ಜಾಗ, ಏಕೆಂದರೆ ಶೀತಕ್ಕೆ ಸ್ವಲ್ಪವೂ ಜಗ್ಗದ ರಾಕ್ಷಸರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡನೇ ಅಂಕದ ಲಾಸ್ಟ್ ಸಿಟಿ ವೇಪಾಯಿಂಟ್‌ನಿಂದ ಹೊರಟು ನೆಲದಲ್ಲಿರುವ ಬಾಗಿಲನ್ನು ಹುಡುಕಿದರೆ ಅಲ್ಲಿಗೆ ಇಳಿಯಬಹುದು.

ಇದನ್ನು ತಪ್ಪು ತಿದ್ದಲೆಂದು ಹೇಳಿದ್ದಲ್ಲ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಯಾವ ಜಾಗ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದು ತಿಳಿಯದೆ ಸುತ್ತು ಹಾಕಿದರೆ ಅದು ಬರೀ ಕಾಯುವಿಕೆಯಾಗುತ್ತದೆ. ತಿಳಿದ ದಿನ ಪ್ರತಿ ಸುತ್ತೂ ನೀವೇ ಮಾಡಿಕೊಂಡ ಆಯ್ಕೆಯಾಗುತ್ತದೆ. ನನಗೆ ರೂನ್, ಅಂದರೆ ಆಯುಧ ಕವಚಗಳಲ್ಲಿ ಕೂರಿಸುವ ಮಂತ್ರದ ಕಲ್ಲು, ಬೇಕಾದಾಗ ಮೊದಲ ಅಂಕದ ಫರ್ಗಾಟನ್ ಟವರ್‌ನ ಐದು ನೆಲಮಾಳಿಗೆ ಇಳಿದು ಕೌಂಟೆಸ್ ಎಂಬ ರಾಕ್ಷಸಿಯ ಬಳಿಗೆ ಹೋಗುತ್ತೇನೆ. ರೂನ್‌ಗಳ ಮೇಲೆ ಮ್ಯಾಜಿಕ್ ಫೈಂಡ್ (ಅಪರೂಪದ ವಸ್ತು ಬೀಳುವ ಸಾಧ್ಯತೆ ಹೆಚ್ಚಿಸುವ ಉಡುಗೆಯ ಗುಣ) ಪ್ರಭಾವ ಬೀರುವುದಿಲ್ಲವಾದ್ದರಿಂದ ಆ ದಿನ ಅದಕ್ಕೆ ಸಂಬಂಧಪಟ್ಟ ಉಡುಗೆಯನ್ನೆಲ್ಲ ಕಳಚಿಟ್ಟು ಬೇಗ ಓಡಲು ಅನುಕೂಲವಾದದ್ದನ್ನು ತೊಡುತ್ತೇನೆ. ಯೂನಿಕ್, ಅಂದರೆ ತನ್ನದೇ ಹೆಸರಿರುವ ಅಪರೂಪದ, ವಸ್ತು ಬೇಕಾದ ದಿನ ಲೆಕ್ಕವೇ ಬೇರೆ. ಮ್ಯಾಜಿಕ್ ಫೈಂಡ್ 250 ಇದ್ದರೆ ಯೂನಿಕ್‌ಗಳ ಮಟ್ಟಿಗೆ ಅದು 125ರಂತೆ ಕೆಲಸ ಮಾಡುತ್ತದೆ. 500ಕ್ಕೆ ಏರಿಸಿದರೂ ಕೈಗೆ ದಕ್ಕುವುದು 166 ಅಷ್ಟೇ. ಆ ಮೇಲಿನ 41ಕ್ಕಾಗಿ ನನ್ನ ಹೊಡೆತದ ಬಲವನ್ನು ಎಷ್ಟು ಬಿಟ್ಟುಕೊಡಬೇಕು, ಒಂದು ಸುತ್ತು ಎರಡು ನಿಮಿಷದ ಬದಲು ಮೂರು ನಿಮಿಷವಾದರೆ ಗಂಟೆಗೆ ಎಷ್ಟು ಸುತ್ತು ಕಳೆದುಕೊಂಡೆ ಎಂದು ತೂಗಿ ನೋಡುವುದು ನನಗೆ ಆಟದಷ್ಟೇ ಪ್ರಿಯವಾದ ಕೆಲಸ.

ಸುತ್ತಿನ ಒಳಗೆ ಏನನ್ನು ಅನುಭವಿಸುತ್ತೇನೆ ಎಂದು ಕೇಳಿದ್ದೀರಿ. ನನಗೆ ಅದು ಬಹುಮಟ್ಟಿಗೆ ಕಿವಿಯ ಆಟ. ಕವಚ ಬಿದ್ದರೆ ಒಂದು ಸದ್ದು, ಮದ್ದಿನ ಶೀಶೆಗೆ ಇನ್ನೊಂದು. ಉಂಗುರ ಬಿದ್ದಾಗ ಬರುವ ಸಣ್ಣ ಟಿಣ್ ಎಂಬ ನಾದವಂತೂ ಮಂತ್ರಗಳ ಗದ್ದಲದ ನಡುವೆಯೂ ತಪ್ಪದೆ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಕೈ ತಾನಾಗಿ ನಿಧಾನವಾಗುತ್ತದೆ. ಆಮೇಲೆ ಬಣ್ಣ: ನೀಲಿಯನ್ನು ದಾಟಿ, ಹಳದಿಯನ್ನು ಒಂದು ಕ್ಷಣ ನೋಡಿ, ಸೆಟ್ ವಸ್ತುವಿನ ಹಸಿರು ಅಥವಾ ಯೂನಿಕ್ ವಸ್ತುವಿನ ಹೊಂಬಣ್ಣದ ಅಕ್ಷರಕ್ಕೆ ಕಣ್ಣು ನಿಲ್ಲುತ್ತದೆ. ಮೂರು ವರ್ಷದ ಹಿಂದೆ ಒಂದು ರಾತ್ರಿ ಮೆಫಿಸ್ಟೋನ ಕಾಲುವೆಯ ಅಂಚಿನಲ್ಲಿ ಹೊಂಬಣ್ಣದಲ್ಲಿ "ಶಾಕೋ" ಎಂಬ ಒಂದೇ ಒಂದು ಪದ ಕಂಡಿತು. ಆ ಟೋಪಿಗೆ ಇರುವುದು ಒಂದೇ ಯೂನಿಕ್ ರೂಪ, ಹಾರ್ಲೆಕ್ವಿನ್ ಕ್ರೆಸ್ಟ್. ಆದ್ದರಿಂದ ವಸ್ತುವಿನ ಅಡಗಿದ ಗುಣಗಳನ್ನು ತೋರಿಸುವ, ಗುರುತಿಸುವ ಸುರುಳಿ ಓದುವ ಮೊದಲೇ ಅದೇನೆಂದು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅದರ ರಕ್ಷಣೆಯ ಅಂಕೆ ಮಾತ್ರ, ಅದು 98ರಿಂದ 141ರವರೆಗೆ ಎಷ್ಟಾದರೂ ಇರಬಹುದು. ನಾನು ಕೂಡಲೇ ಸುರುಳಿ ಓದಲಿಲ್ಲ. ಊರಿಗೆ ಮರಳಿ, ವಸ್ತುಗಳನ್ನು ಗುರುತಿಸಿಕೊಡುವ ಮುದುಕ ಡೆಕಾರ್ಡ್ ಕೇನ್‌ನ ಮುಂದೆ ನಿಂತು, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು, ಆಮೇಲೆ ಅವನಿಂದ ಗುರುತಿಸಿಕೊಂಡೆ. 107 ಬಂತು. ಆ ಎರಡು ನಿಮಿಷ ಈಗಲೂ ಹಾಗೇ ಮನಸ್ಸಿನಲ್ಲಿದೆ.

ಕೊನೆಯದಾಗಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ. ಬೇಕೆಂದು ಹುಡುಕಿದ ವಸ್ತುವಿಗಿಂತ ಬೇಡದೆ ಬಿದ್ದ ವಸ್ತುಗಳೇ ನನ್ನನ್ನು ಈ ಆಟದಲ್ಲಿ ಉಳಿಸಿವೆ. ಸೋರ್ಸರೆಸ್‌ಗೆ ಒಂದು ಉಂಗುರ ಹುಡುಕುತ್ತಿದ್ದಾಗ ಟೈಟನ್ಸ್ ರಿವೆಂಜ್ ಎಂಬ ಭರ್ಜಿ ಬಿತ್ತು. ಅದನ್ನು ಅಮೆಜಾನ್ ಪಾತ್ರ ಬಿಟ್ಟು ಬೇರೆ ಯಾರೂ ಹಿಡಿಯುವ ಹಾಗಿಲ್ಲ, ನನ್ನ ಬಳಿ ಅಮೆಜಾನ್ ಇರಲಿಲ್ಲ. ಸ್ಟ್ಯಾಶ್ ಎಂಬ ಪೆಟ್ಟಿಗೆಯಲ್ಲಿ ಎರಡು ವಾರ ಬಿದ್ದಿದ್ದ ಆ ಭರ್ಜಿಗೋಸ್ಕರವೇ ಒಂದನೇ ಮಟ್ಟದಿಂದ ಹೊಸ ಅಮೆಜಾನ್ ಶುರುಮಾಡಿದೆ. ಅದನ್ನು ಅವಳ ಕೈಗೆ ಕೊಡುವಷ್ಟು ಬೆಳೆಸುವುದರಲ್ಲಿ ಒಂದು ಇಡೀ ಮಳೆಗಾಲ ಕಳೆಯಿತು, ನಾನು ಈ ಆಟದಲ್ಲಿ ಕಳೆದ ಅತ್ಯುತ್ತಮ ದಿನಗಳು ಅವು. ನಿಮ್ಮ ಇನ್ನೂರ ನಲವತ್ತು ಸುತ್ತುಗಳಲ್ಲಿ ಕವಚವಲ್ಲವೆಂದು ನೆಲದಲ್ಲೇ ಬಿಟ್ಟು ಬಂದ, ಇಲ್ಲವೇ ಎತ್ತಿಟ್ಟು ಮರೆತ ವಸ್ತುಗಳು ಯಾವುವು? ಅವುಗಳಲ್ಲಿ ಯಾವುದಾದರೂ ಸ್ಟ್ಯಾಶ್‌ನಲ್ಲಿ ಉಳಿದಿದ್ದರೆ ಇಲ್ಲಿ ಬರೆಯಿರಿ.

ತುಂಗಾತೀರ

ಇರುಳುಪಾಳಿ ಅವರೇ, ನಿಮ್ಮ ಮೊದಲ ಪ್ಯಾರಾ ಓದಿ ಹತ್ತು ನಿಮಿಷ ಸುಮ್ಮನೆ ಕೂತೆ. ಅಣ್ಣನಿಗೆ ಫೋನ್ ಮಾಡಿ ಕೇಳಿದರೆ, ನಾನು ಯಾವ ವಸ್ತುವಿಗಾಗಿ ಹೊಡೆಯುತ್ತಿದ್ದೇನೆಂದು ಅವನು ಒಮ್ಮೆಯೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬಿಟ್ಟು ಬಂದ ವಸ್ತುಗಳು ನನಗೆ ನೆನಪಿಲ್ಲ. ಹಸಿರು ಅಕ್ಷರ ಕಾಣದಿದ್ದರೆ ಹೊರಬಿದ್ದುಬಿಡುತ್ತಿದ್ದೆ. ಹೊಂಬಣ್ಣದವನ್ನೂ ಎಷ್ಟೋ ಸಲ ಎತ್ತಿಕೊಂಡಿಲ್ಲ ಎಂಬುದು ಈಗ ಹೊಳೆಯುತ್ತಿದೆ.

ಲೆಕ್ಕದಮೇಷ್ಟ್ರು

ಇಲ್ಲಿ ಸಂಭಾವ್ಯತೆಯ ಮಾತು ಸ್ವಲ್ಪ ಬೇಕೆನಿಸುತ್ತದೆ, ಏಕೆಂದರೆ ಗ್ರೈಂಡಿಂಗ್‌ನಲ್ಲಿ ಜನ ಪಡುವ ಸಂಕಟದ ದೊಡ್ಡ ಪಾಲು ಒಂದು ತಪ್ಪು ಎಣಿಕೆಯಿಂದ ಬರುತ್ತದೆ. ಒಂದು ವಸ್ತು ಬೀಳುವ ಸಾಧ್ಯತೆ ಇನ್ನೂರರಲ್ಲಿ ಒಂದು ಎಂದಿಟ್ಟುಕೊಳ್ಳಿ. ಇನ್ನೂರು ಸುತ್ತು ಮುಗಿಯುವ ಹೊತ್ತಿಗೆ ಅದು ಕೈಗೆ ಬಂದೇ ಬರಬೇಕೆಂದು ಮನಸ್ಸು ಎಣಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಇನ್ನೂರು ಸುತ್ತು ಹಾಕಿದ ನೂರು ಆಟಗಾರರಲ್ಲಿ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ. ಆರುನೂರು ಸುತ್ತು ಹಾಕಿದ ಮೇಲೂ ಐವರಿಗೆ ಸಿಕ್ಕಿರುವುದಿಲ್ಲ. ಅವರು ದುರದೃಷ್ಟವಂತರೂ ಅಲ್ಲ, ಆಟ ಅವರಿಗೆ ಮೋಸ ಮಾಡಿದ್ದೂ ಅಲ್ಲ. ನೂರು ಜನ ಆಡಿದಾಗ ಅಂಥ ಐವರು ಇರಲೇಬೇಕು. ಇನ್ನೂ ಮುಖ್ಯವಾದ ಮಾತೆಂದರೆ ಹಿಂದಿನ ಸುತ್ತುಗಳು ಮುಂದಿನದಕ್ಕೆ ಬಡ್ಡಿಯಾಗಿ ಸೇರುವುದಿಲ್ಲ. "ಇಷ್ಟು ಹೊಡೆದಿದ್ದೇನೆ, ಈಗ ನಿಲ್ಲಿಸಿದರೆ ಎಲ್ಲ ವ್ಯರ್ಥ" ಎನ್ನುವ ಯೋಚನೆಗೆ ಆಧಾರವೇ ಇಲ್ಲ. ನಾಳೆ ಮೊದಲ ಸುತ್ತಿನ ಸಾಧ್ಯತೆ ಇಂದಿನ ಕೊನೆಯ ಸುತ್ತಿನಷ್ಟೇ ಇರುತ್ತದೆ, ನಡುವೆ ನಿದ್ದೆ ಮಾಡಿದರೂ ಕಳೆದುಹೋಗುವುದೇನಿಲ್ಲ.

ನಾನು ಹೆಚ್ಚಾಗಿ ಆಡುವುದು ವಾರ್‌ಫ್ರೇಮ್. 2013ರಿಂದ ನಡೆಯುತ್ತಿರುವ ಈ ಆಟದ ತಯಾರಕರು ಯಾವುದು ಎಲ್ಲಿ ಎಷ್ಟು ಪ್ರತಿಶತ ಸಾಧ್ಯತೆಯಲ್ಲಿ ಸಿಗುತ್ತದೆಂಬ ಪಟ್ಟಿಯನ್ನು ತಾವೇ ಬಹಿರಂಗವಾಗಿ ಪ್ರಕಟಿಸುತ್ತಾರೆ, ಅದಕ್ಕಾಗಿ ನಾನು ಅವರಿಗೆ ಕೃತಜ್ಞ. ಅಲ್ಲಿ ಪ್ರೈಮ್ ಎಂಬ ಉತ್ತಮ ದರ್ಜೆಯ ವಸ್ತುಗಳ ಭಾಗಗಳು ರೆಲಿಕ್ ಎಂಬ ಕರಂಡಕಗಳಲ್ಲಿ ಅಡಗಿರುತ್ತವೆ. ಇದ್ದ ಹಾಗೆಯೇ ಒಡೆದರೆ ಅಪರೂಪದ ಭಾಗ ಬರುವ ಸಾಧ್ಯತೆ 2%. ಆಟದಲ್ಲೇ ಸಂಪಾದಿಸುವ ವಾಯ್ಡ್ ಟ್ರೇಸ್‌ಗಳನ್ನು ನೂರು ಖರ್ಚುಮಾಡಿ ರೇಡಿಯಂಟ್ ಮಟ್ಟಕ್ಕೆ ಏರಿಸಿದರೆ 10%. ನಾಲ್ವರು ಒಂದೇ ಬಗೆಯ ರೇಡಿಯಂಟ್ ರೆಲಿಕ್ ತಂದು ಒಟ್ಟಿಗೆ ಒಡೆದರೆ, ನಾಲ್ವರ ಫಲಗಳಲ್ಲಿ ಯಾವುದನ್ನು ಬೇಕಾದರೂ ಪ್ರತಿಯೊಬ್ಬರೂ ಆರಿಸಿಕೊಳ್ಳಬಹುದಾದ್ದರಿಂದ ಸಾಧ್ಯತೆ 34%ಕ್ಕೆ ಏರುತ್ತದೆ. ಶನಿವಾರ ರಾತ್ರಿ ನಾವು ನಾಲ್ವರು ಹಳೆಯ ಸಹೋದ್ಯೋಗಿಗಳು ಹೀಗೆ ಏಳು ಸುತ್ತು ಹಾಕುತ್ತೇವೆ. ಏಳು ಸುತ್ತಿಗೆ ಹೆಚ್ಚುಕಡಿಮೆ 95% ಆಗುತ್ತದೆಂಬುದು ಲೆಕ್ಕ. ಸಿಕ್ಕದೇ ಹೋದ ವಾರಗಳೂ ಇವೆ, ಆಗ ಏಳಕ್ಕೇ ನಿಲ್ಲಿಸಿ ಮಾತಾಡುತ್ತಾ ಕೂರುತ್ತೇವೆ. ಒಬ್ಬರು ಈಗ ಮಸ್ಕತ್‌ನಲ್ಲಿದ್ದಾರೆ. ಈ ನೆಪ ಇಲ್ಲದಿದ್ದರೆ ನಾವು ವರ್ಷಕ್ಕೊಮ್ಮೆಯೂ ಮಾತಾಡುತ್ತಿರಲಿಲ್ಲ.

ಹೀಗಾಗಿ ನನ್ನ ಸಲಹೆ ಇಷ್ಟೇ: "ಸಿಗುವವರೆಗೆ" ಎಂದು ಕೂರಬೇಡಿ, "ಇಷ್ಟು ಸುತ್ತು" ಎಂದು ಕೂರಿ. ಸಿಗುವುದು ನಿಮ್ಮ ಕೈಯಲ್ಲಿಲ್ಲ, ಸುತ್ತಿನ ಸಂಖ್ಯೆ ಇದೆ.

ಬಾಲಕತ್ತರಿಸುವವಳು

ಮೇಲಿನ ಇಬ್ಬರ ಮಾತೂ ಉಪಯುಕ್ತವಾಗಿದೆ, ಆದರೆ ನಾನು ಸ್ವಲ್ಪ ಭಿನ್ನವಾಗಿ ಯೋಚಿಸುತ್ತೇನೆ. ಪುನರಾವರ್ತನೆಯಲ್ಲಿ ಸಂತೋಷ ಉಳಿಯಬೇಕಾದರೆ ಆಡುವವರ ಕೈ ಬದಲಾಗುತ್ತಾ ಹೋಗಬೇಕು ಎಂಬುದು ನನ್ನ ಅನುಭವ. ಕಾಲುವೆಯ ಆಚೆ ಅಲುಗಾಡದೆ ನಿಂತ ಮೆಫಿಸ್ಟೋನನ್ನು ಈಚೆಯಿಂದ ಹೊಡೆಯುವುದರಲ್ಲಿ ಇನ್ನೂರ ನಲವತ್ತನೇ ಸಲ ಕಲಿಯಲು ಏನು ಉಳಿದಿರುತ್ತದೆ?

ನಾನು 2018ರಿಂದ ಮಾನ್ಸ್ಟರ್ ಹಂಟರ್: ವರ್ಲ್ಡ್ ಆಡುತ್ತಿದ್ದೇನೆ. ಇಲ್ಲಿಯೂ ಒಂದೇ ಪ್ರಾಣಿಯನ್ನು ಮತ್ತೆ ಮತ್ತೆ ಬೇಟೆಯಾಡಿ ಅದರ ಚರ್ಮ, ಪೊರೆ, ರತ್ನಗಳಿಂದ ಆಯುಧ ಕವಚಗಳನ್ನು ಮಾಡಿಸಿಕೊಳ್ಳಬೇಕು. ರಾಥಲೋಸ್ ಎಂಬ ಬೆಂಕಿಯುಗುಳುವ ಹಾರುವ ಪ್ರಾಣಿಯ ಮಾಣಿಕ್ಯಕ್ಕಾಗಿ ನಾನು ಮೂವತ್ತಕ್ಕೂ ಹೆಚ್ಚು ಬೇಟೆಯಾಡಿದೆ. ಮೊದಲ ಬೇಟೆಗೆ ಐವತ್ತು ನಿಮಿಷದ ಗಡುವಿನಲ್ಲಿ ನಲವತ್ತೊಂದು ನಿಮಿಷ ಹಿಡಿಯಿತು, ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದೆ. ಮೂರನೆಯ ಸಲ ಬಿದ್ದಿದ್ದರೆ ಬೇಟೆಯೇ ಕೈತಪ್ಪುತ್ತಿತ್ತು. ಹತ್ತನೆಯ ಬೇಟೆಯ ಹೊತ್ತಿಗೆ, ಅದು ಕಾಲುಗಳನ್ನು ಮುಂದೆ ಚಾಚಿ ಎರಗುವ ಮೊದಲು ಗಾಳಿಯಲ್ಲಿ ಅರೆಗಳಿಗೆ ತಡೆದು ನಿಲ್ಲುತ್ತದೆಂಬುದನ್ನು ಗಮನಿಸಿದ್ದೆ. ಆ ಉಗುರುಗಳಲ್ಲಿ ವಿಷವಿದೆ, ಆ ಅರೆಗಳಿಗೆಯಲ್ಲಿ ಉರುಳಿ ತಪ್ಪಿಸಿಕೊಳ್ಳಬೇಕು, ಇಲ್ಲವೇ ಕಣ್ಣುಕೋರೈಸುವ ಫ್ಲ್ಯಾಶ್ ಪಾಡ್ ಹಾರಿಸಿ ನೆಲಕ್ಕೆ ಕೆಡವಬೇಕು. ಇಪ್ಪತ್ತನೆಯದರ ಹೊತ್ತಿಗೆ ಬಾಲವನ್ನು ಎಲ್ಲಿ ನಿಂತು ಕತ್ತರಿಸಬೇಕೆಂಬುದು ಕಾಲಿಗೇ ಗೊತ್ತಾಗಿತ್ತು. ಮಾಣಿಕ್ಯ ಬಂದದ್ದು ಹನ್ನೊಂದು ನಿಮಿಷದಲ್ಲಿ ಮುಗಿದ ಒಂದು ಬೇಟೆಯಲ್ಲಿ, ಕತ್ತರಿಸಿದ ಬಾಲವನ್ನು ಸೀಳಿದಾಗ. ಸಂತೋಷವಾಯಿತು, ನಿಜ. ಆದರೆ ನನಗೆ ಹೆಮ್ಮೆ ತಂದದ್ದು ನಲವತ್ತೊಂದು ಹನ್ನೊಂದಾದದ್ದು. ಬೇಸರ ಬಂದಾಗ ನಾನು ಪ್ರಾಣಿಯನ್ನು ಬದಲಾಯಿಸುವುದಿಲ್ಲ, ಆಯುಧವನ್ನು ಬದಲಾಯಿಸುತ್ತೇನೆ. ಈ ಆಟದಲ್ಲಿ ಹದಿನಾಲ್ಕು ಬಗೆಯ ಆಯುಧಗಳಿವೆ. ಗ್ರೇಟ್ ಸೋರ್ಡ್ ಬಿಟ್ಟು ಹಂಟಿಂಗ್ ಹಾರ್ನ್ ಹಿಡಿದ ದಿನ ಅದೇ ರಾಥಲೋಸ್ ನನಗೆ ಮತ್ತೆ ಹೊಸ ಪ್ರಾಣಿಯಾಗಿತ್ತು.

ಇನ್ನೊಂದು ಮಾತನ್ನು ಕಾಳಜಿಯಿಂದ ಹೇಳುತ್ತೇನೆ. ಫಲ ಯಾವಾಗ ಬರುತ್ತದೆಂದು ತಿಳಿಯದ ಹಾಗೆ ಏರುಪೇರಾಗಿ ಕೊಡುತ್ತಾ ಹೋದರೆ ಪಾರಿವಾಳಗಳು ಬಿಡದೆ ಕುಕ್ಕುತ್ತವೆ, ಕೊಡುವುದನ್ನು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತವೆ ಎಂಬುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ತೋರಿಸಿದ್ದರು. ಲೂಟ್ ಆಟಗಳ ಒಳಗೆ ಇರುವುದೂ ಅದೇ ತತ್ವ. ತುಂಗಾತೀರ ಅವರು ಬರೆದ "ಆಸೆ ಮಾತ್ರ ಉಳಿದು ಸಂತೋಷ ಹೋಗಿಬಿಟ್ಟಿತ್ತು" ಎಂಬ ಸಾಲನ್ನು ಓದಿದಾಗ ನನಗೆ ಇದು ನೆನಪಾಯಿತು. ನಾನು ನನಗೇ ಹಾಕಿಕೊಳ್ಳುವ ಪ್ರಶ್ನೆ ಒಂದಿದೆ: ಆ ವಸ್ತುವನ್ನು ಯಾರಾದರೂ ಈಗಲೇ ಕೈಗೆ ಕೊಟ್ಟುಬಿಟ್ಟರೆ ನಾಳೆ ಈ ಆಟ ತೆರೆಯುತ್ತೇನೆಯೇ? ಹೌದು ಎಂದರೆ ಮುಂದುವರಿಸುತ್ತೇನೆ. ಇಲ್ಲ ಎಂದರೆ ಕೆಲವು ವಾರ ಬಿಡುತ್ತೇನೆ.

ಇರುಳುಪಾಳಿ

ಬಾಲಕತ್ತರಿಸುವವಳು ಅವರ ಆ ಪ್ರಶ್ನೆಗೆ ಒಂದು ನಿಜವಾದ ಉದಾಹರಣೆಯೇ ಇದೆ. 2012ರಲ್ಲಿ ಡಯಾಬ್ಲೊ 3 ಬಂದಾಗ ಅದರೊಳಗೇ ಹರಾಜು ಕಟ್ಟೆ ಇತ್ತು. ಬೇಕಾದ ವಸ್ತುವನ್ನು ಚಿನ್ನಕ್ಕೋ, ನಿಜವಾದ ಹಣಕ್ಕೋ ಕೊಂಡುಕೊಳ್ಳಬಹುದಿತ್ತು. ಗ್ರೈಂಡಿಂಗ್‌ನ ಕಷ್ಟವೇ ತಪ್ಪಿತಲ್ಲ, ಆಟಗಾರರು ಸುಖವಾಗಿರಬೇಕಿತ್ತು. ಆದದ್ದು ಬೇರೆ. ಒಳ್ಳೆಯ ವಸ್ತುವಿಗೆ ಹರಾಜು ಕಟ್ಟೆಯೇ ಹತ್ತಿರದ ದಾರಿಯಾದ ಮೇಲೆ ರಾಕ್ಷಸರನ್ನು ಕೊಲ್ಲುವುದಕ್ಕೆ ಅರ್ಥವೇ ಉಳಿಯಲಿಲ್ಲ. ಕಡೆಗೆ ಆಟದ ತಯಾರಕ ಸಂಸ್ಥೆ ಬ್ಲಿಜ಼ರ್ಡ್ 2014ರ ಮಾರ್ಚ್ 18ರಂದು ಅದನ್ನು ಮುಚ್ಚಿತು, ಲೂಟ್ ಬೀಳುವ ಪದ್ಧತಿಯನ್ನೂ ಅದೇ ಹೊತ್ತಿಗೆ ತಿದ್ದಿ ಕಡಿಮೆ ಬಿದ್ದರೂ ಉಪಯೋಗಕ್ಕೆ ಬರುವುದು ಬೀಳುವ ಹಾಗೆ ಮಾಡಿತು. ನಾನು ಆ ಆಟಕ್ಕೆ ಮರಳಿದ್ದು ಆಮೇಲೆಯೇ.

ಆದರೆ ಮೆಫಿಸ್ಟೋನಲ್ಲಿ ಕಲಿಯಲು ಏನೂ ಇಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೊಲ್ಲುವುದರಲ್ಲಿ ಕಲಿಯಲು ಇಲ್ಲ, ಸರಿ. ಅವನಿರುವ ಮಹಡಿಗೆ ಇಳಿಯುವ ಮೆಟ್ಟಿಲು ಹುಡುಕುವುದರಲ್ಲಿ ಇದೆ. ಆನ್‌ಲೈನ್‌ನಲ್ಲಿ ಪ್ರತಿ ಹೊಸ ಆಟಕ್ಕೂ ಎರಡನೇ ಮಹಡಿಯ ನಕ್ಷೆ ಬದಲಾಗುತ್ತದೆ, ಗೋಡೆಗಳ ತಿರುವು ನೋಡಿ ದಿಕ್ಕು ಊಹಿಸುವುದು ನಿಧಾನವಾಗಿ ಕೈಹಿಡಿಯುವ ವಿದ್ಯೆ. ಆಫ್‌ಲೈನ್‌ನಲ್ಲಿ ಕಷ್ಟಮಟ್ಟ ಬದಲಿಸದಿದ್ದರೆ ನಕ್ಷೆ ಇದ್ದ ಹಾಗೇ ಇರುತ್ತದೆ. ತುಂಗಾತೀರ ಅವರು ಯಾವುದರಲ್ಲಿ ಆಡುತ್ತಿದ್ದಾರೆಂಬುದನ್ನು ಕೇಳಬೇಕಿತ್ತು.

ತುಂಗಾತೀರ

ಆಫ್‌ಲೈನ್‌ನಲ್ಲಿ ಆಡುತ್ತಿದ್ದೆ. ಮೆಟ್ಟಿಲು ಎಲ್ಲಿದೆಯೆಂದು ಮೂರನೇ ದಿನಕ್ಕೇ ಬಾಯಿಪಾಠವಾಗಿತ್ತು. ಬೇಸರಕ್ಕೆ ಅದೂ ಒಂದು ಕಾರಣವೆಂದು ಈಗ ಅನ್ನಿಸುತ್ತಿದೆ.

ಹತ್ತು ದಿನವಾಯಿತು, ಆದದ್ದನ್ನು ಬರೆಯುತ್ತೇನೆ. ಹೊಸ ಸೋರ್ಸರೆಸ್ ಮಾಡಿ ಆನ್‌ಲೈನ್‌ಗೆ ಹೋಗುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟು, ಹಳೆಯವಳನ್ನೇ ಏನ್ಷಿಯಂಟ್ ಟನೆಲ್ಸ್‌ಗೆ ಕರೆದೊಯ್ದೆ. ಮೇಷ್ಟ್ರು ಹೇಳಿದ ಹಾಗೆ ರಾತ್ರಿಗೆ ಹತ್ತೇ ಸುತ್ತು, ಒಂದೂ ಹೆಚ್ಚಿಲ್ಲ. ಮಗಳ ಹಳೆಯ ಶಾಲಾ ಪುಸ್ತಕದ ಖಾಲಿ ಹಾಳೆಗಳಲ್ಲಿ ದಿನಾಂಕ ಹಾಕಿ ಬಿದ್ದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಎರಡು ದಿನ ಏನೂ ಬರೆಯುವಂಥದ್ದು ಬೀಳಲಿಲ್ಲ. ಆದರೂ ಮೂರನೇ ದಿನದ ಆರನೇ ಸುತ್ತಿನಲ್ಲಿ ಎರಡು ಗುಂಪುಗಳ ನಡುವೆ ಸಿಕ್ಕಿಬಿದ್ದು, ನನ್ನ ಜೊತೆ ಹೋರಾಡುವ ಕೂಲಿಯಾಳು ಸತ್ತು, ಒಂದೇ ಒಂದು ಮದ್ದಿನ ಶೀಶೆ ಉಳಿದಿರುವಾಗ ಟೆಲಿಪೋರ್ಟ್ ಮಾಡಿ ಪಾರಾದದ್ದು ಇವತ್ತಿಗೂ ಚಿತ್ರದ ಹಾಗೆ ನೆನಪಿದೆ. ಮೆಫಿಸ್ಟೋನ ಇನ್ನೂರ ನಲವತ್ತು ಸುತ್ತುಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ಉಂಗುರದ ಟಿಣ್ ಸದ್ದೂ ಮೊದಲ ಸಲ ಕಿವಿಗೆ ಬಿತ್ತು. ಇಷ್ಟು ದಿನ ಹಿನ್ನೆಲೆಯಲ್ಲಿ ಹಾಡು ಹಾಕಿಕೊಂಡು ಆಡುತ್ತಿದ್ದೆ, ಈಗ ನಿಲ್ಲಿಸಿದ್ದೇನೆ.

ಸ್ಟ್ಯಾಶ್ ತೆರೆದು ನೋಡಿದೆ. ಎತ್ತಿಟ್ಟು ಮರೆತಿದ್ದ ಹೊಂಬಣ್ಣದ ವಸ್ತುಗಳು ಹದಿನಾಲ್ಕು ಇವೆ, ಒಂಬತ್ತನ್ನು ಇನ್ನೂ ಗುರುತಿಸಿಯೇ ಇಲ್ಲ. ಭಾನುವಾರ ಅಣ್ಣ ಮನೆಗೆ ಬರುತ್ತಾನೆ. ಕೇನ್‌ನ ಮುಂದೆ ನಿಂತು ಒಂದೊಂದಾಗಿ ಗುರುತಿಸುವಾಗ ಅವನೂ ಪಕ್ಕದಲ್ಲಿರಲಿ ಎಂದು ಹಾಗೇ ಬಿಟ್ಟಿದ್ದೇನೆ. ಕವಚ ಇನ್ನೂ ಬಿದ್ದಿಲ್ಲ. ಇಂದು ರಾತ್ರಿ 101ನೇ ಸುತ್ತಿನಿಂದ ಶುರು.